ಗಾಜಿನ ಮನೆಯ ಮೂರು ಹೂಗಳು

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಸಸ್ಯೋದ್ಯಾನವೊಂದರ ಗಾಜಿನ ಮನೆಯಲ್ಲಿ ಮೂರು ಅಪರಿಚಿತ ಗಿಡಗಳನ್ನು ಕಂಡೆ. ಒಂದು, ಹಳದಿ ಮತ್ತು ಕಂದುಗೆಂಪು ಹೂಗಳು ಮೊಳದುದ್ದದ ಗೊಂಚಲುಗಳಾಗಿ ಇಳಿಬಿದ್ದಿದ್ದ ಬಳ್ಳಿ. ಇನ್ನೊಂದು, ಗುಲಾಬಿ ಬಣ್ಣದ ಅಗಲ ಪಕಳೆಗಳ ಕೆಳಗೆ ಸಣ್ಣ ಹೂಗಳು ತೂಗುತ್ತಿದ್ದ ಪೊದೆ. ಮತ್ತೊಂದು, ಬಿಳಿಯ ತುತ್ತೂರಿಯಂತೆ ಜೋತ ಹೂಗಳ ಗಿಡ. ನಾಮಫಲಕಗಳು ಕಾಣಲಿಲ್ಲ, ಮೊಬೈಲ್ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. ಚಿತ್ರಗಳನ್ನು ಕಳುಹಿಸಿದ್ದೇನೆ. ಇವು ಯಾವುವು, ನಮ್ಮಲ್ಲಿ ಬೆಳೆಯುತ್ತವೆಯೇ?
– ಓದುಗರು, ಮೂಡಿಗೆರೆ

ಉತ್ತರ: ಮೊದಲನೆಯದನ್ನು ನೋಡಲು ತಾವು ಅಷ್ಟು ದೂರ ಹೋಗಬೇಕಿರಲಿಲ್ಲ. ಅದು ಥನ್‌ಬರ್ಜಿಯಾ ಮೈಸೂರೆನ್ಸಿಸ್. ಪಶ್ಚಿಮ ಘಟ್ಟವೇ ಅದರ ತವರು, ತಮ್ಮದೇ ಜಿಲ್ಲೆಯ ಕುದುರೆಮುಖದ ಕಾಡುಗಳಲ್ಲಿ ಅದು ಮರಗಳ ಮೇಲೆ ಹಬ್ಬಿ ಬೆಳೆಯುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿದರೆ, ಪ್ರತಿ ಹೂವಿನ ಬುಡವನ್ನು ಎಲೆಯಂಥ ಎರಡು ಪುಟ್ಟ ಉಪಪತ್ರಗಳು ಎರಡೂ ಕಡೆಯಿಂದ ತಬ್ಬಿ ಹಿಡಿದಿರುವುದು ಕಾಣುತ್ತದೆ. ಈ ಜೋಡಿಯೇ ಥನ್‌ಬರ್ಜಿಯಾ ಕುಲದ ಗುರುತು. ಮನೆಗಳ ಕಮಾನಿಗೆ ಹಬ್ಬಿಸುವ ನೀಲಿ ಥನ್‌ಬರ್ಜಿಯಾದಲ್ಲೂ ಅದು ಇದೆ. ಎಲೆಗಳು ಎದುರುಬದುರಾಗಿದ್ದು, ಬುಡದಿಂದಲೇ ಮೂರು ನರಗಳು ಹೊರಡುತ್ತವೆ. ಬಾಯ್ದೆರೆದ ಹೂವಿಗೆ ಸೂರಕ್ಕಿ ಕೊಕ್ಕು ತೂರಿಸಿ ಮಕರಂದ ಹೀರುವಾಗ ಪರಾಗ ಅದರ ತಲೆಗೆ ಅಂಟಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಸೂರಕ್ಕಿಗಳಿಲ್ಲದ ಇಂಗ್ಲೆಂಡಿನ ಗಾಜಿನ ಮನೆಯಲ್ಲಿ ಆ ಮಕರಂದ ಸುಮ್ಮನೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಚಳಿ ತಾಳದ ಈ ಬಳ್ಳಿಯನ್ನು ಅಲ್ಲಿ ಬೆಚ್ಚಗಿಟ್ಟು ಸಾಕಬೇಕು. ಮೂಡಿಗೆರೆಯಲ್ಲಿ ಗಟ್ಟಿಯಾದ ಚಪ್ಪರವೊಂದಿದ್ದರೆ ಸಾಕು. ಕಾಡಿನಿಂದ ಕಿತ್ತು ತರದೆ, ನರ್ಸರಿಯ ಸಸಿಯನ್ನೇ ನೆಡಿ.

ಆ್ಯಪ್ ತಡವರಿಸಿದ್ದಕ್ಕೆ ಕಾರಣ, ತಾವು ಹೆಚ್ಚಿನ ಚಿತ್ರಗಳಲ್ಲಿ ಹೂವನ್ನಷ್ಟೇ ಹಿಡಿದಿರುವುದು. ಬಣ್ಣಕ್ಕೆ ಮರುಳಾಗುವುದು ಸಹಜವೇ, ಆದರೆ ಬಣ್ಣದಷ್ಟು ದಾರಿ ತಪ್ಪಿಸುವ ಲಕ್ಷಣ ಇನ್ನೊಂದಿಲ್ಲ. ಎಲೆಯ ಜೋಡಣೆ, ಅದರ ನರಗಳು, ಹೂವಿನ ಬುಡ ಮತ್ತು ಕಾಯಿ ಸಿಕ್ಕರೆ ಕಾಯಿ, ಇವೂ ಚಿತ್ರದಲ್ಲಿ ಬರಬೇಕು.

ಎರಡನೆಯದರಲ್ಲಿ ಎಲೆಯೇ ಸುಳಿವು ಕೊಟ್ಟಿತು. ಬುಡದಿಂದ ತುದಿಯವರೆಗೆ ಬಾಗಿ ಸಾಗುವ ಎದ್ದುಕಾಣುವ ನರಗಳನ್ನು ತಾವು ನೆಕ್ಕರಿಕದ ಎಲೆಯಲ್ಲಿ ಕಂಡಿರುತ್ತೀರಿ; ತಿಂದರೆ ನಾಲಿಗೆ ಕಪ್ಪಾಗುವ ಹಣ್ಣಿನ ಆ ಗಿಡದ್ದೇ ಕುಟುಂಬದ ಇದು ಮೆಡಿನಿಲ್ಲಾ ಮ್ಯಾಗ್ನಿಫಿಕಾ. ತಾವು ಪಕಳೆ ಎಂದುಕೊಂಡದ್ದು ಬಣ್ಣದ ಪುಷ್ಪಪತ್ರಗಳನ್ನು, ಎಂದರೆ ಹೂಗಳ ಬಳಿ ಬರುವ ಮಾರ್ಪಟ್ಟ ಎಲೆಗಳನ್ನು. ಫಿಲಿಪ್ಪೀನ್ಸ್ ಮೂಲದ ಈ ಗಿಡ ಮರಗಳ ಮೇಲೆ ಬೆಳೆಯುವಂಥದ್ದು, ಆದ್ದರಿಂದ ಕುಂಡದಲ್ಲಿ ನೀರು ನಿಲ್ಲಬಾರದು.

ಮೂರನೆಯದು ದಕ್ಷಿಣ ಅಮೆರಿಕದ ಬ್ರಗ್‌ಮನ್ಸಿಯಾ, ನಮ್ಮ ದತ್ತೂರಿಯ ಬಂಧು. ದತ್ತೂರಿಯ ಹೂ ಮೇಲ್ಮುಖವಾಗಿದ್ದು ಕಾಯಿ ಮುಳ್ಳುಮುಳ್ಳಾಗಿರುತ್ತದೆ; ಇದರ ಹೂ ಜೋತುಬೀಳುತ್ತದೆ, ಕಾಯಿಗೆ ಮುಳ್ಳಿರುವುದಿಲ್ಲ. ಮಲೆನಾಡಿನಲ್ಲಿ ಸಲೀಸಾಗಿ ಬೆಳೆಯುತ್ತದೆ, ಆದರೆ ಗಿಡದ ಪ್ರತಿ ಭಾಗವೂ ವಿಷ. ಮಕ್ಕಳು ಆಡುವ, ದನಕರು ಮೇಯುವ ಕಡೆ ನೆಡುವುದು ಬೇಡ.