ಬಾಟನಿ ಓದಿದರೆ ಗಿಡ ಎಣಿಸೋದೇ ಕೆಲಸವಾ?

ಅರಕಲಗೂಡು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಬಾಟನಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಅದು ಬೇಡ, ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಯೋಟೆಕ್ನಾಲಜಿಗೆ ಸೇರಿಸಿ ಅಂತ ಭಾವಮೈದ ಹಟ ಹಿಡಿದಿದ್ದಾನೆ. ಬಾಟನಿ ಓದಿ ಗಿಡ ಎಣಿಸೋದೇ ಕೆಲಸವಾ ಅಂತ ಕೇಳುತ್ತಾನೆ. ಮಗಳು ಮಾತ್ರ ಹಳೇ ಪೇಪರಿನ ಮಧ್ಯೆ ಎಲೆ ಒಣಗಿಸುತ್ತಾ ಕೂತಿರುತ್ತಾಳೆ. ಏನು ಮಾಡಲಿ?"

ಸ್ವಾಮಿ, ಮಗಳ ವಿಷಯವನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಪತ್ರ ಶುರುವಾಗಬೇಕಿದ್ದದ್ದೇ ಅಲ್ಲಿಂದ. ಯಾರೂ ಹೇಳದೆ ಎಲೆ ಒಣಗಿಸುವ ಹುಡುಗಿ ಊರಿಗೊಬ್ಬಳು ಸಿಕ್ಕರೆ ಹೆಚ್ಚು.

ನಿಮ್ಮ ಭಾವಮೈದನ ಆತಂಕ ಸುಳ್ಳಲ್ಲ. ಎಂ.ಎಸ್ಸಿ. ಮುಗಿಸಿದ ಮರುದಿನವೇ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಆದರೆ ಬಯೋಟೆಕ್ನಾಲಜಿ ಅಂದರೆ ಬಾಟನಿಗಿಂತ ಮೇಲಿನದು ಅಂತ ಅವರು ತಿಳಿದಿದ್ದಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಾಟನಿ ವಿಭಾಗದಲ್ಲಿ ಶಿಪ್ರಾ ಗುಹಾ ಮತ್ತು ಸತೀಶ್ ಮಾಹೇಶ್ವರಿ ದತ್ತೂರಿ ಹೂವಿನ ಪರಾಗಕೋಶಗಳನ್ನು ಗಾಜಿನ ಕೊಳವೆಯಲ್ಲಿ ಬೆಳೆಸುತ್ತಿದ್ದರು. ಅದರಿಂದ ಪುಟ್ಟ ಭ್ರೂಣಗಳು ಹುಟ್ಟಿಕೊಂಡವು. ಅವುಗಳಲ್ಲಿ ಇದ್ದದ್ದು ಮಾಮೂಲಿ ಗಿಡದ ಅರ್ಧದಷ್ಟೇ ವರ್ಣತಂತುಗಳು (ಕ್ರೋಮೋಸೋಮ್). ಆ ಅರ್ಧವನ್ನು ಇಮ್ಮಡಿ ಮಾಡಿದರೆ ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ ಶುದ್ಧ ತಳಿ ಒಂದೇ ಸಲಕ್ಕೆ ಸಿಗುತ್ತದೆ. ಹಳೇ ಪದ್ಧತಿಯಲ್ಲಿ ಅದಕ್ಕೆ ಎಷ್ಟೋ ಪೀಳಿಗೆ ಕಾಯಬೇಕಿತ್ತು. ಭತ್ತದ ತಳಿಗಾರರು ಇವತ್ತಿಗೂ ಈ ದಾರಿ ಬಳಸುತ್ತಾರೆ. ಬಯೋಟೆಕ್ನಾಲಜಿಯ ಈ ವಿದ್ಯೆ ಹುಟ್ಟಿದ್ದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಮೂಗು ಮುರಿಯುವ ಅದೇ ಬಾಟನಿಯಲ್ಲಿ.

ಇನ್ನೂ ಹಿಂದೆ ಹೋಗಿ. ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಸ್ನಾತಕೋತ್ತರ ಪದವಿಗೆ ಹೋದದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ. ಅದೂ ಸರ್ಕಾರಿಯೇ. 1931ರಲ್ಲಿ ಅಲ್ಲೇ ಡಾಕ್ಟರೇಟ್ ಪಡೆದು, ಕೊಯಮತ್ತೂರಿಗೆ ಬಂದು ಕಬ್ಬಿನ ತಳಿಗಳ ಮೇಲೆ ದುಡಿದರು. ಅವರ ಕಾಲದಲ್ಲೂ ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅನ್ನುವ ಬಂಧುಗಳು ಇದ್ದೇ ಇರುತ್ತಾರೆ, ಅಲ್ವಾ?

ಗಿಡ ಎಣಿಸುವ ಮಾತಿಗೆ ಬರುತ್ತೇನೆ. ಮೊದಲು ಗಿಡ ಯಾವುದು ಅಂತ ಗೊತ್ತಿರಬೇಕು. ಶಾಲೆ ಕಾಂಪೌಂಡಿನ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರವನ್ನು ನಾವೆಲ್ಲ ಅಶೋಕ ಅಂತೀವಿ. ಅದು ಸೀತಾಫಲದ ಬಂಧು. ಕೆಂಗಿತ್ತಳೆ ಹೂ ಬಿಡುವ ನಿಜವಾದ ಅಶೋಕವೇ ಬೇರೆ, ಹೆಂಗಸರ ಔಷಧಿಗೆ ಬೇಕಾದದ್ದು ಅದರ ತೊಗಟೆ. ಮಾರುಕಟ್ಟೆಯಲ್ಲಿ ಒಂದರ ಬದಲು ಇನ್ನೊಂದು ಬೆರೆಯುತ್ತದೆ. ಪುಡಿಯಾದ ಮೇಲೆ ಕಣ್ಣಿಗೆ ಏನು ತಿಳಿಯುತ್ತೆ? ಬ್ಲೇಡಿನಲ್ಲಿ ತೆಳ್ಳಗೆ ಸೆಕ್ಷನ್ ಕತ್ತರಿಸಿ, ಸಾಫ್ರನಿನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಪಳಗಿದವರಿಗೆ ಮಾತ್ರ ತಿಳಿಯುತ್ತದೆ. ಎಂ.ಎಸ್ಸಿ.ಯ ನಾಲ್ಕು ಸೆಮಿಸ್ಟರಿನಲ್ಲಿ ಕೈಗೆ ಹತ್ತುವ ವಿದ್ಯೆ ಇದು. ಔಷಧಿ ಕಂಪನಿಗಳಿಗೆ ಇಂಥವರು ಬೇಕು. ಅರಣ್ಯ ಸೇವೆಯ ಪರೀಕ್ಷೆಗೂ ಬಾಟನಿ ಒಂದು ವಿಷಯ. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಗಿಟ್ಟಿಸಿದರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ.

ನಿಮ್ಮ ಜಿಲ್ಲೆಗೇ ಈ ವಿದ್ಯೆಯ ಋಣ ಇದೆ. ಹಾಸನ ಜಿಲ್ಲೆಯ ಸಸ್ಯಗಳ ಮೇಲೆ 1976ರಲ್ಲೇ ದೊಡ್ಡ ಗ್ರಂಥವೊಂದು ಬಂದಿದೆ. ಮಾಡಿದವರು ಪಾದ್ರಿ ಸೆಸಿಲ್ ಸಲ್ಡಾನ, ಅಮೆರಿಕದ ಡಾನ್ ನಿಕೋಲ್ಸನ್ ಜೊತೆ. ಸಲ್ಡಾನ ಖಾಸಗಿ ಕಾಲೇಜಿನ ಮೇಷ್ಟ್ರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಂಥವರ ಕೆಲಸ ಮುಂದುವರಿಸಲು ಹಳ್ಳಿಯ ಮಕ್ಕಳು ಬರಬೇಕಾದರೆ ಫೀಸು ಕೈಗೆಟುಕಬೇಕು, ಹಾಸ್ಟೆಲ್ ಇರಬೇಕು. ಅದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ತಾನೇ ಸಾಧ್ಯ?

ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ಒಂದು ವಿಶ್ವವಿದ್ಯಾಲಯದ ಬಾಟನಿ ವಿಭಾಗಕ್ಕೆ ಹೋಗಿದ್ದೆ, ಹೆಸರು ಬೇಡ. ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದ ಬೀರುಗಳನ್ನು ಓಣಿಗೆ ತಳ್ಳಿ, ಆ ಕೋಣೆಯಲ್ಲಿ ಸ್ಮಾರ್ಟ್ ಕ್ಲಾಸ್ ಮಾಡಿದ್ದರು. ಹಳೇ ಮೇಷ್ಟ್ರುಗಳು ಬೆಟ್ಟ ಹತ್ತಿ ತಂದು ಅಂಟಿಸಿದ ಹಾಳೆಗಳಿಗೆ ಹುಳು ಹಿಡಿದಿತ್ತು. ಪಾಠ ಮಾಡುತ್ತಿದ್ದವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದೆಯೂ ಸ್ವಂತ ದುಡ್ಡಲ್ಲಿ ಮಕ್ಕಳನ್ನು ಆಗುಂಬೆಗೆ ಕರೆದೊಯ್ದಿದ್ದರು. ಅವರಿಗೆ ನಮಸ್ಕಾರ. ಆದರೆ ಪಶ್ಚಿಮ ಘಟ್ಟವನ್ನು ಬೆನ್ನಿಗಿಟ್ಟುಕೊಂಡ ರಾಜ್ಯ ನಮ್ಮದು. ಗಿಡ ಗುರುತಿಸಲು ಕಲಿಸುವವರಿಗೆ ಕಾಯಂ ನೌಕರಿ ಕೊಡಲು ಇದಕ್ಕೆ ಆಗುವುದಿಲ್ಲವೇ?

ಮಗಳನ್ನು ಸೇರಿಸಿ. ಅವಳು ಒಣಗಿಸಿದ ಎಲೆಗಳನ್ನೂ ಜೊತೆಗೆ ಕಳಿಸಿ. ಸೇರಿಸುವ ದಿನ ನೀವೂ ಹೋಗಿ, ಕಾಯಂ ಅಧ್ಯಾಪಕರು ಎಷ್ಟು ಜನ, ವರ್ಷಕ್ಕೆ ಎಷ್ಟು ಸಲ ಕಾಡಿಗೆ ಕರೆದೊಯ್ಯುತ್ತೀರಿ ಅಂತ ಕೇಳಿ. ಸಿಕ್ಕ ಉತ್ತರ ಸಮಾಧಾನ ತರದಿದ್ದರೆ ಶಾಸಕರಿಗೆ ಬರೆಯಿರಿ. ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂಪಾದಕ