ಎಕ್ಸ್‌ರೇ ಇಲ್ಲದೆ ಅಬ್ಲೇಷನ್: ಒಳಗಿನ ತಂತಿ ಕಾಣುವುದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ಸುಮ್ನೆ ಕೂತಿದ್ದಾಗಲೂ ಎದೆ ಡವಡವ ಶುರುವಾಗುತ್ತದೆ, ನಾಡಿ 180 ದಾಟುತ್ತದೆ. ಅರ್ಧ ಗಂಟೆ ಕಳೆದು ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ. ಇದು ಎವಿಎನ್‌ಆರ್‌ಟಿ ಎಂಬ ಹೃದಯಬಡಿತದ ತೊಂದರೆ, ಅಬ್ಲೇಷನ್ (ಹೃದಯದೊಳಗೆ ತಂತಿ ಹಾಕಿ ತೊಂದರೆಯ ಜಾಗ ಸುಡುವ ಚಿಕಿತ್ಸೆ) ಮಾಡಿಸಿ ಎಂದಿದ್ದಾರೆ ಡಾಕ್ಟರು. ಮುಂದಿನ ವರ್ಷ ಮಗುವಿನ ಯೋಚನೆಯಿದೆ. ಎಕ್ಸ್‌ರೇ ಇಲ್ಲದೆಯೂ ಮಾಡುತ್ತಾರಂತೆ. ಕಣ್ಣಿಗೆ ಕಾಣದೆ ತಂತಿ ಹಾಕುವುದು ಅಪಾಯ ಅಲ್ವಾ?

ಉತ್ತರ: ಕಾಣದೆ ಹಾಕುವುದಿಲ್ಲ. ಹಾಗೆ ನೋಡಿದರೆ ಎಕ್ಸ್‌ರೇಯಲ್ಲಿ ಕಾಣುವುದು ತಂತಿ ಮತ್ತು ಹೃದಯದ ನೆರಳು ಅಷ್ಟೇ, ಒಳಗೋಡೆ ಕಾಣುವುದೇ ಇಲ್ಲ.

ನಿಮ್ಮ ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳು ಸೇರುವ ಜಾಗದಲ್ಲಿ ಕರೆಂಟ್ ಹರಿಯಲು ಎರಡು ದಾರಿಗಳಿವೆ. ಒಂದು ವೇಗದ್ದು, ಒಂದು ನಿಧಾನದ್ದು. ಕರೆಂಟ್ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಗಿರಗಿರ ಸುತ್ತತೊಡಗಿದರೆ ಅದೇ ನಿಮ್ಮ ಡವಡವ. ನಿಧಾನದ ದಾರಿಯನ್ನು ಸುಟ್ಟರೆ ಸುತ್ತು ತಪ್ಪುತ್ತದೆ.

ತೊಡೆಸಂದಿನ ರಕ್ತನಾಳದಿಂದ ತಂತಿ ಹೋಗುತ್ತದೆ. ಮೇಜಿನ ಕೆಳಗೆ ಸಣ್ಣ ಕಾಂತಕ್ಷೇತ್ರ, ಎದೆ ಬೆನ್ನಿಗೆ ಅಂಟುಪಟ್ಟಿ. ತಂತಿಯ ತುದಿ ಎಲ್ಲಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತಲೇ ಇರುತ್ತದೆ. ತುದಿ ಗೋಡೆ ಸವರುತ್ತಾ ಹೋದ ಹಾಗೆ ಪರದೆಯ ಮೇಲೆ ಹೃದಯದ ಕೋಣೆ ಚಿಪ್ಪಿನಂತೆ ಮೂಡುತ್ತದೆ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟ್ ಒಯ್ಯುವ, ಮುಟ್ಟಲೇಬಾರದ ಮುಖ್ಯ ತಂತುವಿನ ಜಾಗಕ್ಕೆ ನಾವು ಹಳದಿ ಚುಕ್ಕೆ ಇಡುತ್ತೇವೆ, ಸುಡುವುದು ಅದರಿಂದ ದೂರದಲ್ಲಿ. ಆ ತಂತುವಿಗೆ ಪೆಟ್ಟು ಬಿದ್ದರೆ ಪೇಸ್‌ಮೇಕರ್ ಬೇಕಾಗಬಹುದು. ಆ ಸಾಧ್ಯತೆ ನೂರಕ್ಕೆ ಒಂದು ಅಥವಾ ಇನ್ನೂ ಕಡಿಮೆ. ಗುಣವಾಗುವವರು ನೂರಕ್ಕೆ 95ಕ್ಕಿಂತ ಜಾಸ್ತಿ.

ಎಕ್ಸ್‌ರೇ ಇಲ್ಲದಿದ್ದರೆ ನಮಗೂ ಸುಖ. ಐದಾರು ಕೆಜಿಯ ಸೀಸದ ಏಪ್ರನ್ ಹೊತ್ತು ಬೆನ್ನು ಹಾಳು ಮಾಡಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ! ಆದರೂ ಯಂತ್ರ ಪಕ್ಕದಲ್ಲಿ ಸಿದ್ಧವಾಗಿರಲಿ. ತಂತಿ ಮುಂದೆ ಸಾಗದೆ ಸಿಕ್ಕಿಕೊಂಡರೆ ಎರಡು ಕ್ಷಣ ಎಕ್ಸ್‌ರೇ ಹಾಕುವುದೇ ಜಾಣತನ.

ಗರ್ಭಿಣಿಯಾಗುವ ಮೊದಲೇ ಮಾಡಿಸಿಕೊಳ್ಳಿ. ಬಸಿರಿನಲ್ಲಿ ಈ ಡವಡವ ಹೆಚ್ಚಾಗಬಹುದು, ಆಗ ಮಾತ್ರೆ ಕೊಡಲೂ ಹಿಂಜರಿಯಬೇಕಾಗುತ್ತದೆ. ನಿಮ್ಮೂರಲ್ಲಿ ಈ ಸೌಲಭ್ಯ ಇಲ್ಲ ಅಂತ ಮಾತ್ರ ಮುಂದೂಡಬೇಡಿ. ಈ ಬಗೆಯ ಅಬ್ಲೇಷನ್‌ಗೆ ಬೇಕಾಗುವ ಎಕ್ಸ್‌ರೇ ಕಡಿಮೆಯೇ. ಯಂತ್ರದ ಹೆಸರಿಗಿಂತ "ಇಂಥವು ಎಷ್ಟು ಮಾಡಿದ್ದೀರಿ?" ಎಂದು ಡಾಕ್ಟರನ್ನು ಕೇಳಿ.

ಅಲ್ಲಿಯವರೆಗೆ ಡವಡವ ಬಂದರೆ ಒರಗಿ ಕೂತು, ಬಾಯಿ ಮುಚ್ಚಿ 15 ಸೆಕೆಂಡ್ ಉಸಿರು ಬಿಗಿಹಿಡಿದು ತಿಣುಕಿ. ತಕ್ಷಣ ಅಂಗಾತ ಮಲಗಿ, ಮನೆಯವರಿಂದ ಕಾಲು ಎತ್ತಿಸಿ 15 ಸೆಕೆಂಡ್ ಹಿಡಿಸಿಕೊಳ್ಳಿ. 2015ರ ಬ್ರಿಟನ್ನಿನ ಅಧ್ಯಯನದಲ್ಲಿ ಹೀಗೆ ಮಾಡಿದ ನೂರರಲ್ಲಿ 43 ಜನಕ್ಕೆ ನಿಂತಿತ್ತು. ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ ಇದನ್ನೆಲ್ಲ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.