ಹಳೇ ಐಸಿ, ನಿಕ್ಸಿ ಟ್ಯೂಬ್ ಹಾಕಿ ಮನೆಯಲ್ಲೇ ಗಡಿಯಾರ ಮಾಡಬಹುದಾ?

ನೀವು ಮಂಡ್ಯದವರು, ಆರ್ಡಿನೋ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಮುಟ್ಟದೆ ಹಳೇ ಕಾಲದ ಪಾರ್ಟ್‌ಗಳಿಂದಲೇ ಗಡಿಯಾರ ಮಾಡಬೇಕು, ಅಂಕಿಗಳು ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಗಾಜಿನ ನಿಕ್ಸಿ ಟ್ಯೂಬಿನಲ್ಲೇ ಬೆಳಗಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಮಾಡಬಹುದು. ನಾನು ಎರಡು ಮಾಡಿದ್ದೇನೆ. ಮೊದಲನೆಯದು ಮಂಡ್ಯದಲ್ಲಿ ಡಿಪ್ಲೊಮಾ ಓದುವಾಗ, ತೊಂಬತ್ತರ ದಶಕದಲ್ಲಿ. ಎರಡನೆಯದು ಈಗ ಮೈಸೂರಿನ ನಮ್ಮ ಮನೆ ಹಾಲ್‌ನಲ್ಲಿ ಉರಿಯುತ್ತಿದೆ, ಅದು ನಿಕ್ಸಿ. ನಡುವೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಂತರ. ಅಷ್ಟು ಕಾಯಿರಿ ಎನ್ನುವುದಿಲ್ಲ, ಆದರೆ ನಿಕ್ಸಿಯಿಂದ ಶುರು ಮಾಡಬೇಡಿ.

ಯಾಕೆ ಅಂದರೆ, ಎಲ್ಲರ ಕಣ್ಣು ಹೋಗುವುದು ಅಂಕಿಯ ಮೇಲೆ. ಗಡಿಯಾರದಲ್ಲಿ ನಿಜವಾಗಿ ತಲೆ ತಿನ್ನುವುದು ಸೆಕೆಂಡು. ನಂಬಬಹುದಾದ ಒಂದು ಸೆಕೆಂಡನ್ನು ಎಲ್ಲಿಂದ ತರುತ್ತೀರಿ? ಅದು ಸಿಕ್ಕರೆ ಉಳಿದದ್ದು ಬರೀ ಎಣಿಕೆ.

ಹಳೇ ವಿಧಾನದಲ್ಲಿ ಸೆಕೆಂಡು ಗೋಡೆಯ ಪ್ಲಗ್ಗಿನಿಂದ ಬರುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದಲ್ವಾ, ಅದನ್ನೇ ಎಣಿಸುವುದು. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್‌ನಿಂದ ಸ್ವಲ್ಪ ಎಸಿ ತೆಗೆದುಕೊಂಡು, 7490 ಎಂಬ ಎಣಿಸುವ ಐಸಿ (ಚಿಪ್) ಒಂದರಲ್ಲಿ 10ರಿಂದ, ಇನ್ನೊಂದರಲ್ಲಿ 5ರಿಂದ ಭಾಗಿಸಿದರೆ ಸೆಕೆಂಡಿಗೆ ಒಂದು ಬಡಿತ ಸಿಗುತ್ತದೆ. ಅಲ್ಲಿಂದ ಮುಂದೆ ಆರು ಅಂಕಿಗೆ ಆರು 7490. ಒಟ್ಟು ಎಂಟು. ಪ್ರತಿ ಅಂಕಿಗೂ ಎಣಿಕೆಯನ್ನು ಅಂಕಿಯ ಗೆರೆಗಳಾಗಿಸುವ ಒಂದು 7447 ಐಸಿ, ಏಳು ಗೆರೆಯಲ್ಲಿ ಅಂಕಿ ತೋರಿಸುವ ಒಂದು ಎಲ್‌ಟಿ 542 ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ. 542ನೇ ಕೇಳಿ ತನ್ನಿ. 543 ನೋಡೋಕೆ ಹಾಗೇ ಇರುತ್ತದೆ, ಆದರೆ ಅದು ಕಾಮನ್ ಕ್ಯಾಥೋಡ್ (ಏಳೂ ಗೆರೆಗಳ ನೆಗೆಟಿವ್ ತುದಿ ಒಂದೇ), 7447ಗೆ ಹೊಂದುವುದಿಲ್ಲ.

7490 ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೇರೆ 14 ಕಾಲಿನ ಐಸಿಗಳಲ್ಲಿ ಸಾಮಾನ್ಯವಾಗಿ 14ಕ್ಕೆ 5 ವೋಲ್ಟು, 7ಕ್ಕೆ ಗ್ರೌಂಡ್. ಇದರಲ್ಲಿ ಹಾಗಲ್ಲ. 5ನೇ ಕಾಲಿಗೆ 5 ವೋಲ್ಟು, 10ನೇ ಕಾಲಿಗೆ ಗ್ರೌಂಡ್. ಅಭ್ಯಾಸಬಲದಿಂದ ತಪ್ಪಿ ಕೊಟ್ಟು ನಾನು ಎರಡು ಐಸಿ ಸುಟ್ಟಿದ್ದೇನೆ. ಮೂರನೆಯದಕ್ಕೆ ಸರಿಯಾಗಿ ಕೊಟ್ಟೆ, ಡಿಸ್‌ಪ್ಲೇ ಮೇಲೆ 9 ಬಂತು. ಖುಷಿಯಾಯಿತು. ಐದು ನಿಮಿಷ ಆದರೂ 9. ಕರೆಂಟು ಆಫ್ ಮಾಡಿ ಆನ್ ಮಾಡಿದರೂ 9. ಒಂದು ಇಡೀ ಭಾನುವಾರ ಆ ಒಂಬತ್ತನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಗೊತ್ತಾಯಿತು: 6 ಮತ್ತು 7ನೇ ಕಾಲುಗಳು 9ಕ್ಕೆ ಸೆಟ್ ಮಾಡುವ ಕಾಲುಗಳು. ಈ 74 ಸರಣಿಯ ಟಿಟಿಎಲ್ ಐಸಿಯಲ್ಲಿ ಎಲ್ಲಿಗೂ ಸೇರಿಸದೆ ಸುಮ್ನೆ ಬಿಟ್ಟ ಕಾಲು ತನ್ನನ್ನು ತಾನು ಮೇಲೆ, ಅಂದರೆ 5 ವೋಲ್ಟಿನ ಕಡೆ, ಇದ್ದೇನೆ ಅಂದುಕೊಳ್ಳುತ್ತದೆ. ಎರಡನ್ನೂ ಗ್ರೌಂಡಿಗೆ ಕಟ್ಟಿದೆ, ಎಣಿಸೋಕೆ ಶುರು ಮಾಡಿತು.

ಇದೇ ಐಸಿಯಲ್ಲಿ ಒಂದು ಚಂದದ ಗುಣವೂ ಇದೆ. 2 ಮತ್ತು 3ನೇ ಕಾಲು ಎರಡೂ ಒಟ್ಟಿಗೆ ಮೇಲೆ ಹೋದರೆ ಮಾತ್ರ ಅದು ಸೊನ್ನೆಗೆ ಬರುತ್ತದೆ. ನಿಮಿಷದ ಹತ್ತರ ಅಂಕಿ 5 ಆದಮೇಲೆ 6 ಆಗಬಾರದು, 0 ಆಗಬೇಕು. ಈ ಐಸಿ ಎಣಿಕೆಯನ್ನು 1, 2, 4, 8 ಎಂಬ ನಾಲ್ಕು ಔಟ್‌ಪುಟ್‌ಗಳ ಮೊತ್ತವಾಗಿ ತೋರಿಸುತ್ತದೆ, 6 ಅಂದರೆ 4 ಮತ್ತು 2. ಆ ಎರಡು ಔಟ್‌ಪುಟ್‌ಗಳನ್ನು, ಅಂದರೆ 8 ಮತ್ತು 9ನೇ ಕಾಲುಗಳನ್ನು, ಅದೇ ಐಸಿಯ 2, 3ಕ್ಕೆ ತಂದು ಕಟ್ಟಿದರೆ ಮುಗಿಯಿತು. ಗಂಟೆಗೂ ಹೀಗೆಯೇ. 24 ಬಂದ ಕೂಡಲೇ ಸೊನ್ನೆ ಆಗಬೇಕು. ಹತ್ತರ ಅಂಕಿಯಿಂದ 2ರ ಔಟ್‌ಪುಟ್, ಬಿಡಿ ಅಂಕಿಯಿಂದ 4ರ ಔಟ್‌ಪುಟ್ ತೆಗೆದು ಎರಡೂ ಐಸಿಯ ರಿಸೆಟ್ ಕಾಲುಗಳಿಗೆ, ಅಂದರೆ ಸೊನ್ನೆ ಮಾಡುವ 2, 3ಕ್ಕೆ, ಕೊಡಿ. ಬೇರೆ ಐಸಿ ಏನೂ ಬೇಡ. 12 ಗಂಟೆಯ ಗಡಿಯಾರ ಬೇಕೆಂದರೆ 12 ಆದಮೇಲೆ 1 ಬರಬೇಕು, ಸೊನ್ನೆಯಲ್ಲ. ಅದಕ್ಕೆ ಜಾಸ್ತಿ ಐಸಿ ಬೇಕು. ಮೊದಲನೇ ಗಡಿಯಾರಕ್ಕೆ 24 ಸಾಕು.

ಗಡಿಯಾರ ಓಡಿತು, ಅಡುಗೆಮನೆಯ ಗೋಡೆ ಪಕ್ಕ ಇಟ್ಟೆ. ಎರಡು ದಿನಕ್ಕೆ ಮೂರು ನಿಮಿಷ ಮುಂದೆ. ಮರುದಿನ ಇನ್ನೂ ಒಂದು ನಿಮಿಷ. ಕಾರಣ ಹುಡುಕಿದ್ದು ನಾನಲ್ಲ, ನಮ್ಮಮ್ಮ. "ನಾನು ಮಿಕ್ಸಿ ಹಾಕ್ದಾಗೆಲ್ಲ ನಿನ್ ಗಡಿಯಾರ ಮುಂದಕ್ ಓಡ್ತದಲ್ಲ, ಯಾಕ್ಲಾ?" ಅಂದರು. ನಿಂತು ನೋಡಿದೆ. ಹೌದು, ಚಟ್ನಿ ರುಬ್ಬುವಷ್ಟು ಹೊತ್ತೂ ಸೆಕೆಂಡಿನ ಅಂಕಿಗಳು ಕುಣಿಯುತ್ತಿದ್ದವು. ಮಿಕ್ಸಿ ಮೋಟಾರಿನ ಬ್ರಷ್‌ನಲ್ಲಿ ಕಿಡಿ ಹಾರಿ ಲೈನಿಗೆ ಗಲೀಜು ಸೇರುತ್ತದೆ, 7490 ಅದನ್ನೂ ಬಡಿತ ಅಂತಲೇ ಎಣಿಸುತ್ತದೆ.

ಮದ್ದು ಸುಲಭ. ಟ್ರಾನ್ಸ್‌ಫಾರ್ಮರ್‌ನ ಎಸಿಯನ್ನು ನೇರ ಕೌಂಟರ್‌ಗೆ, ಅಂದರೆ 7490ಗೆ, ಕೊಡಬೇಡಿ. 10 ಕಿಲೋ ಓಮ್ ರೆಸಿಸ್ಟರ್ ದಾಟಿಸಿ ಒಂದು ಬಿ.ಸಿ. 547 ಟ್ರಾನ್ಸಿಸ್ಟರ್‌ನ ಬೇಸ್‌ಗೆ ತನ್ನಿ. ಬೇಸ್‌ನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಪಕ್ಕದಲ್ಲೇ ಉಲ್ಟಾ ಹಾಕಿದ ಒಂದು 4148 ಡಯೋಡ್. ಕಲೆಕ್ಟರ್‌ನಿಂದ 5 ವೋಲ್ಟಿಗೆ 1 ಕಿಲೋ ಓಮ್. ಅಲ್ಲಿಂದ 7414 ಷ್ಮಿಟ್ ಟ್ರಿಗರ್ (ಅಲೆಯನ್ನು ಚೊಕ್ಕ ಬಡಿತ ಮಾಡುವ ಐಸಿ), ಆಮೇಲೆ ಕೌಂಟರ್. ಇದಾದ ಮೇಲೆ ಅಮ್ಮ ಎಷ್ಟು ಚಟ್ನಿ ರುಬ್ಬಿದರೂ ಗಡಿಯಾರ ಅಲುಗಾಡಲಿಲ್ಲ.

ಆದರೂ ಸಮಯ ತಪ್ಪುತ್ತಿತ್ತು, ಈ ಸಲ ಹಿಂದಕ್ಕೆ. ಅದು ನನ್ನ ತಪ್ಪಲ್ಲ. ಆ ಕಾಲದಲ್ಲಿ 50 ಅನ್ನುವುದು ಹೆಸರಿಗೆ ಮಾತ್ರ. ಬೇಡಿಕೆ ಜಾಸ್ತಿಯಾದಾಗ ದಕ್ಷಿಣದ ಗ್ರಿಡ್‌ನ ಫ್ರೀಕ್ವೆನ್ಸಿ ಕುಸಿಯುತ್ತಿತ್ತು. 49ರಲ್ಲಿ ಒಂದು ಗಂಟೆ ನಿಂತರೆ ಗಡಿಯಾರ 72 ಸೆಕೆಂಡು ಹಿಂದೆ ಬೀಳುತ್ತದೆ, ಲೆಕ್ಕ ಹಾಕಿ ನೋಡಿ. ಬೆಳಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಪೀಪ್ ಶಬ್ದಕ್ಕೆ ಗಡಿಯಾರ ಸರಿ ಮಾಡುವುದು ನನ್ನ ದಿನಚರಿಯಾಗಿತ್ತು. 2013ರ ಡಿಸೆಂಬರ್ ಕೊನೆಯ ದಿನ ರಾಯಚೂರು–ಸೋಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿತು. ಈಗ 49.90ರಿಂದ 50.05ರ ಒಳಗೆ ಇಡಬೇಕೆಂಬ ನಿಯಮ ಇದೆ. ಹಾಗಾಗಿ ನಿಮ್ಮ ಗಡಿಯಾರ ನನ್ನದಕ್ಕಿಂತ ಎಷ್ಟೋ ಮರ್ಯಾದೆಯಿಂದ ನಡೆಯುತ್ತದೆ. 49.90ರಲ್ಲೇ ಗಂಟೆ ಕಳೆದರೂ ತಪ್ಪು 7 ಸೆಕೆಂಡು ಅಷ್ಟೆ.

ಕರೆಂಟು ಹೋದರೆ ಮಾತ್ರ ಕಥೆ ಮುಗಿಯಿತು. ಅದು ಬೇಸರ ಅನಿಸಿದಾಗ ಬ್ಯಾಟರಿ ಇಟ್ಟುಕೊಂಡು ಕ್ರಿಸ್ಟಲ್‌ಗೆ ಬನ್ನಿ. ಕೈಗಡಿಯಾರದಲ್ಲಿ ಇರುವ 32,768 ಹರ್ಟ್ಜ್ ಕ್ರಿಸ್ಟಲ್ (ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಹರಳು), ಜೊತೆಗೆ ಒಂದು 4060 ಐಸಿ. ಅದು ಹದಿನಾಲ್ಕು ಸಲ ಎರಡರಿಂದ ಭಾಗಿಸಿ 2 ಹರ್ಟ್ಜ್ ಕೊಡುತ್ತದೆ, 4013 ಎಂಬ ಐಸಿ ಇನ್ನೊಂದು ಸಲ ಭಾಗಿಸಿ 1 ಮಾಡುತ್ತದೆ. ಹಳೇ ಪಾರ್ಟ್ ಎಂಬ ಹಟ ಬಿಟ್ಟರೆ ಸಮಯದ ಲೆಕ್ಕ ತಾನೇ ಇಡುವ ಡಿಎಸ್ 3231 ಎಂಬ ಪುಟ್ಟ ಬೋರ್ಡ್ ಸಿಗುತ್ತದೆ, ವರ್ಷಕ್ಕೆ ಒಂದು ನಿಮಿಷದಷ್ಟೂ ತಪ್ಪುವುದು ಕಷ್ಟ. ಆದರೆ ಅದನ್ನು ಮಾತಾಡಿಸೋಕೆ ಆರ್ಡಿನೋ ಥರದ್ದೇ ಒಂದು ಬೇಕು. ನೀವು ಬೇಡ ಅಂದಿದ್ದೇ ಅದು.

ಸಾಮಾನು ಎಲ್ಲಿ ಸಿಗುತ್ತದೆ? ರೆಸಿಸ್ಟರ್, ಟ್ರಾನ್ಸ್‌ಫಾರ್ಮರ್, 7805 (5 ವೋಲ್ಟ್ ಕೊಡುವ ರೆಗ್ಯುಲೇಟರ್) ಎಲ್ಲ ಮಂಡ್ಯ, ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೇ ಸಿಗುತ್ತವೆ. 7490, 7447ಕ್ಕೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಒಂದು ದಿನ ಹೋಗಿ ಬನ್ನಿ. ಹಳೇ ಟಿವಿ ರಿಪೇರಿಯವರನ್ನು, ಗುಜರಿಯವರನ್ನು ಮಾತಾಡಿಸಿ ಇಟ್ಟುಕೊಳ್ಳಿ. ಚೀಟಿಯಲ್ಲಿ 74 ಆದಮೇಲೆ ಎಲ್‌ಎಸ್ ಎಂದು ಬರೆದುಕೊಂಡು ಹೋಗಿ. ಸಾದಾ 7490 ಒಂದೊಂದೂ 30 ಮಿಲಿ ಆಂಪಿಯರ್ ಹತ್ತಿರ ಕುಡಿಯುತ್ತದೆ, ಎಲ್‌ಎಸ್ ಆದರೆ ಅದರ ಮೂರನೇ ಒಂದು ಭಾಗ. ನನ್ನ ಮೊದಲ ಗಡಿಯಾರದ 7805 ಮೇಲೆ ದೋಸೆ ಹಾಕಬಹುದಿತ್ತು.

ಇನ್ನು ನಿಕ್ಸಿ. ಗಾಜಿನ ಬುರುಡೆಯೊಳಗೆ ಅಂಕಿಯ ಆಕಾರದ ಹತ್ತು ತೆಳು ಲೋಹದ ತುಂಡುಗಳು ಒಂದರ ಹಿಂದೆ ಒಂದು, ಸುತ್ತ ನಿಯಾನ್ ಗ್ಯಾಸ್. ಯಾವುದಕ್ಕೆ ಕರೆಂಟು ಕೊಡುತ್ತೀರೋ ಅದರ ಮೈ ಸುತ್ತ ಗ್ಯಾಸ್ ಬೆಳಗುತ್ತದೆ. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದದ್ದು. ಎಪ್ಪತ್ತರ ದಶಕದಲ್ಲಿ ಎಲ್ಇಡಿ ಬಂದು ಅದನ್ನು ಓಡಿಸಿತು. ಸೋವಿಯತ್ ದೇಶದಲ್ಲಿ ಇನ್ನೂ ಕೆಲವು ವರ್ಷ ಮಾಡುತ್ತಲೇ ಇದ್ದರು, ಈಗ ನಮ್ಮಂಥವರಿಗೆ ಸಿಗುವುದು ಹೆಚ್ಚಾಗಿ ಆ ಹಳೇ ದಾಸ್ತಾನು. ನನ್ನವು ಐಎನ್-12. ಹತ್ತಿರದಿಂದ ನೋಡಿದರೆ ಅದರ 5, ತಲೆಕೆಳಗೆ ಮಾಡಿದ 2! ಆನ್‌ಲೈನಿನಲ್ಲಿ ಆರು ತರಿಸಿದೆ. ಒಂದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಗ್ಯಾಸೆಲ್ಲ ಹೋಗಿತ್ತು, ಮಾರಿದವರು ಉತ್ತರ ಕೊಡಲಿಲ್ಲ. ನೀವು ಎಂಟು ತರಿಸಿ.

ಇದಕ್ಕೆ ಬೇಕಾದದ್ದು 5 ವೋಲ್ಟಲ್ಲ, 180ರ ಹತ್ತಿರ. 7447 ಸಾಲದು, ಹೆಚ್ಚು ವೋಲ್ಟ್ ತಾಳುವ ಕೆ155ಐಡಿ1 ಎಂಬ ಡ್ರೈವರ್ ಐಸಿ ಬೇಕು. ಉರಿಯುವಾಗ ಟ್ಯೂಬಿನ ಮೇಲೆ ಸುಮಾರು 140 ವೋಲ್ಟ್ ನಿಲ್ಲುತ್ತದೆ. ಉಳಿದ 40ನ್ನು ನೀವು ರೆಸಿಸ್ಟರ್‌ನಲ್ಲಿ ಇಳಿಸಬೇಕು. 2 ಮಿಲಿ ಆಂಪಿಯರ್ ಅಂದರೆ 20 ಕಿಲೋ ಓಮ್. ರೆಸಿಸ್ಟರ್ ಇಲ್ಲದೆ ಕೊಟ್ಟರೆ ಟ್ಯೂಬ್ ಹಾಳಾಗುತ್ತದೆ. ಪವರ್ ಸಪ್ಲೈನ ಕೆಪಾಸಿಟರ್‌ಗೆ ಅಡ್ಡಲಾಗಿ ಒಂದು ದೊಡ್ಡ ರೆಸಿಸ್ಟರ್ ಹಾಕಿ, ಆಫ್ ಮಾಡಿದ ಮೇಲೆ ಚಾರ್ಜ್ ಇಳಿಯಲಿ. ನಾನು ಹಾಕಿರಲಿಲ್ಲ. ಪ್ಲಗ್ ಕಿತ್ತು ಹಾಕಿಯೇ ಮುಟ್ಟಿದ್ದು, ಆದರೂ ಮೊಣಕೈವರೆಗೆ ಜುಮ್ ಎಂದಿತು. ವಿಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ 230ರಿಂದ ಮಾಡಿ ತೋರಿಸುತ್ತಾರೆ, ಅದನ್ನಂತೂ ಮಾಡಲೇಬೇಡಿ.

ಗಂಟೆಯ ಹತ್ತರ ಅಂಕಿಯಲ್ಲಿ 0, 1, 2 ಮಾತ್ರ ಉರಿಯುತ್ತವೆ. ಉರಿಯದ ಅಂಕಿಗಳ ಮೇಲೆ ನಿಧಾನವಾಗಿ ಕಿಟ್ಟ ಕೂತು, ಮುಂದೆ ಅವು ಅರ್ಧಂಬರ್ಧ ಬೆಳಗುತ್ತವೆ. ನಾನು ಟ್ಯೂಬ್‌ಗಳನ್ನು ಸಾಕೆಟ್‌ನಲ್ಲಿ ಇಟ್ಟಿದ್ದೇನೆ, ನಾಲ್ಕು ತಿಂಗಳಿಗೊಮ್ಮೆ ಸೆಕೆಂಡಿನ ಟ್ಯೂಬನ್ನು ಗಂಟೆಗೆ, ಗಂಟೆಯದನ್ನು ಸೆಕೆಂಡಿಗೆ ಬದಲಿಸುತ್ತೇನೆ.

ಕನ್ನಡ ಅಂಕಿ ಬರುತ್ತದಾ ಎಂದು ಕೆಲವರು ಕೇಳುತ್ತಾರೆ. ಮೈಸೂರಿನ ದೊಡ್ಡ ಗಡಿಯಾರದ ಮೇಲೆ 1927ರಲ್ಲೇ ಕನ್ನಡ ಅಂಕಿ ಇಟ್ಟಿದ್ದಾರೆ, ನಮ್ಮ ಕೈಲಿ ಆಗಲ್ವಾ ಅಂತ ನನಗೂ ಅನಿಸುತ್ತದೆ. ಏಳು ಗೆರೆಯ ಡಿಸ್‌ಪ್ಲೇಯಲ್ಲಿ ೪, ೯ ಬರೆಯೋಕೆ ಆಗುವುದಿಲ್ಲ. ಅಡ್ಡಕ್ಕೆ 5, ಉದ್ದಕ್ಕೆ 7 ಚುಕ್ಕಿ ಇರುವ ಡಿಸ್‌ಪ್ಲೇ ಬೇಕು. ಮೂರನೇ ಗಡಿಯಾರಕ್ಕೆ ಅದನ್ನು ತೆಗೆದಿಟ್ಟಿದ್ದೇನೆ.

ನೀವು ಈ ವಾರ ಒಂದೇ ಒಂದು 7490, ಒಂದು 7447, ಒಂದು ಎಲ್‌ಟಿ 542, ಏಳು 330 ಓಮ್ ರೆಸಿಸ್ಟರ್, ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಪಾರ್ಟ್ ಚುಚ್ಚಿ ಜೋಡಿಸುವ ಹಲಗೆ) ತನ್ನಿ. 5 ವೋಲ್ಟಿಗೆ ಹಳೇ ಮೊಬೈಲ್ ಚಾರ್ಜರ್ ಸಾಕು. 0ಯಿಂದ 9 ಎಣಿಸಿ, ಮತ್ತೆ 0ಗೆ ಬಂತಾ ನೋಡಿ. 9ರಲ್ಲೇ ಕೂತರೆ 6, 7ನೇ ಕಾಲು ನೋಡಿ.